ಕಲ್ಲುಗುಡಿಯಲ್ಲಿ ಅಪ್ಪನ ಜಾಗ

ಕಾಡಿನೊಳಗಿನ ಕರಡಿಮಡು ಪೋಡು ಎಂಬ ಸೋಲಿಗರ ಹಟ್ಟಿಯಲ್ಲಿ ಪೂಜಾರಿಗಳಾದ ಪೂಜ್ಯ ತಮ್ಮಡಿ ಕುಂಬೇಗೌಡರು ಒಂದು ಹುಲ್ಲುಗುಡಿಸಲಿನಲ್ಲಿ ವಾಸವಾಗಿದ್ದರು. ಪೂಜೆಯಂತೆ ನ್ಯಾಯವೂ ಆ ಮಹನೀಯರದೇ ಹೊಣೆ. ಅವರು ನ್ಯಾಯ ಕೂಡಿಸುತ್ತಿದ್ದುದು ಕಲ್ಲುಗುಡಿಯಲ್ಲಿ, ಅಂದರೆ ತೀರಿಹೋದ ಒಬ್ಬೊಬ್ಬ ಹಿರಿಯರ ಹೆಸರಿಗೂ ಕಲ್ಲು ನೆಟ್ಟ ಜಾಗದಲ್ಲಿ. ಸುತ್ತ ಕೂತವರ ನಡುನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಡಿಸುತ್ತಿದ್ದರು. ತೀರ್ಪಿಗೆ ಎಲ್ಲರೂ ಒಪ್ಪಬೇಕು, ಹೋದವರೂ ಒಪ್ಪಬೇಕು ಎಂಬುದು ಅವರ ನೇಮವಾಗಿತ್ತು.

ಒಮ್ಮೆ ದಂಡೇಗೌಡನೆಂಬವನು ನ್ಯಾಯಕ್ಕೆ ಬಂದ. ಜೇನು ಕೀಳುವುದರಲ್ಲಿ ಗಟ್ಟಿಗ, ಬಾಯಿಗೆ ಮಾತ್ರ ಲಗಾಮಿಲ್ಲ. ವಿಧವೆ ಸಿದ್ದಮ್ಮನ ಮನೆಯವರು ಜೇನು ಕೀಳುತ್ತಿದ್ದ ಹೆಬ್ಬಂಡೆ ತನ್ನ ಅಪ್ಪನದೆಂದು ಅವನ ವಾದ. ಆ ಬಂಡೆ ಕೈತಪ್ಪಿದರೆ ಸಿದ್ದಮ್ಮನ ಹೆಣ್ಣುಮಕ್ಕಳಿಗೆ ಹೊಟ್ಟೆಗಿಲ್ಲ. ಪಾಪ, ಅವಳ ಪರವಾಗಿ ಹೇಳಬಲ್ಲ ಹಳಬರೆಲ್ಲ ತೀರಿಕೊಂಡಿದ್ದರು.

"ನಿಮ್ಮಪ್ಪ ಒಪ್ಪವ್ನಾ?" ಎಂದು ಪೂಜ್ಯರು ಕೇಳಿದರು.

"ಸತ್ತೋರು ಎಲ್ಲಾರ ಮಾತಾಡ್ತರಾ ತಮ್ಮಡಪ್ಪ?" ಎಂದು ದಂಡೇಗೌಡ ನಕ್ಕ.

ಪೂಜ್ಯರು ಕೋಪಿಸಿಕೊಳ್ಳಲಿಲ್ಲ. ಕೂತವರನ್ನೆಲ್ಲ ಒಬ್ಬೊಬ್ಬರಾಗಿ ಒಪ್ಪಿಗೆ ಕೇಳುತ್ತ ಬಂದರು. ಖಾಲಿ ಜಾಗ ಬಂದಾಗ ಕೈಮುಗಿದು ಕೇಳುವರು, ತುಸು ಕಾಯುವರು, ಮುಂದೆ ಸಾಗುವರು. ದಂಡೇಗೌಡನ ಎಡಗಡೆ ಅವನ ಅಪ್ಪನಿಗೆಂದು ಬಿಟ್ಟ ಜಾಗದ ಎದುರು ಮಾತ್ರ ನಿಂತೇಬಿಟ್ಟರು.

ನಡುಹಗಲು. ಜೀರುಂಡೆಗಳು ಇದ್ದಕ್ಕಿದ್ದಂತೆ ಸುಮ್ಮನಾದವು. ದಂಡೇಗೌಡನಿಗೆ ಪಕ್ಕದಲ್ಲೊಂದು ಉಸಿರು ಕೇಳಿಸಿತು. ಗೊರ್ರನೆ ಎಳೆದು, ತಡೆದು, ಕೊನೆಗೊಂದು ಸಣ್ಣ ಸಿಳ್ಳೆ. ಗೂರಲು ರೋಗದಲ್ಲಿ ಸತ್ತ ಅಪ್ಪನ ಉಸಿರೇ ಅದು. ಬಯ್ಯಲಿಲ್ಲ, ಗದರಿಸಲಿಲ್ಲ, ಬರೀ ಕಾಯುತ್ತಿತ್ತು. ತಿರುಗಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಎಡತೋಳು ತಣ್ಣಗಾಗುತ್ತ ಬಂತು.

"ನಿಧಾನ್ವಾಗೇ ಹೇಳ್ಲಿ. ನಾವು ಕಾಯ್ತೀವಿ," ಎಂದರು ಪೂಜ್ಯರು.

ದಂಡೇಗೌಡ ಕೂಗಿಯೇಬಿಟ್ಟ. "ಬಂಡೆ ಅವ್ರದೇಯ! ಅದರ ತಂಟೆಗೆ ಹೋಗ್ಬ್ಯಾಡ ಅಂತ ಅಪ್ಪ ಸಾಯೋವಾಗ ಅಂದಿದ್ದ. ನಾನೇ ಸುಳ್ಳಾಡ್ದೆ!"

ಉಸಿರು ನಿಂತಿತು. ಜೀರುಂಡೆಗಳು ಮತ್ತೆ ಕೂಗತೊಡಗಿದವು. ಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಜನ ಚದುರಿದ ಮೇಲೆ ಅವನು ಪೂಜ್ಯರ ಹತ್ತಿರ ಬಂದ. "ಅಪ್ಪನ ಉಸ್ರು ನಿಮ್ಗೂ ಕೇಳಿಸ್ತಾ?"

"ಇಲ್ಲ ಕಣಪ್ಪ. ಅವ ಬಂದದ್ದು ಮಗನ್ನ ನೋಡಕ್ಕೆ."

ಅಪ್ಪನನ್ನು ಮಣ್ಣು ಮಾಡಿದ ದಿನವೂ ಒಂದು ಹನಿ ಕಣ್ಣೀರು ಹಾಕದಿದ್ದ ದಂಡೇಗೌಡ ಅಂದು ಆ ಪಾದಗಳ ಮೇಲೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತ. ಪೂಜ್ಯರು ಅವನನ್ನು ಎಬ್ಬಿಸಲಿಲ್ಲ, ಸಮಾಧಾನವಾಗುವ ತನಕ ಅಳಲು ಬಿಟ್ಟರು. ಆಮೇಲೆ ಬದುಕಿರುವ ತನಕ ಅವನೇ ಆ ಬಂಡೆ ಹತ್ತಿ ಸಿದ್ದಮ್ಮನ ಮಕ್ಕಳಿಗೆ ಜೇನು ಇಳಿಸಿಕೊಟ್ಟ.