ಹೊಸ ಬಾವಿಯ ನೀರು, ಹೊನ್ನಿಯ ಕೂದಲು

“ಗುರುಗಳೇ, ಮಾತು ಬಿಟ್ಟ ಇಬ್ಬರಲ್ಲಿ ಮೊದಲು ಯಾರು ಮಾತಾಡಬೇಕು? ತಪ್ಪು ಮಾಡಿದವನೋ, ನೋವುಂಡವನೋ?” ಎಂದು ಶಿಷ್ಯನೊಬ್ಬ ಕೇಳಿದ.

ಅವನೂ ಅವನ ಜೊತೆಗಾರನೂ ಮಾತು ಬಿಟ್ಟಿರುವುದು ಗುರುಗಳಿಗೆ ಗೊತ್ತಿತ್ತು. ಒಂದೇ ಪಂಕ್ತಿಯಲ್ಲಿ ಉಣ್ಣಲು ಕೂತರೂ ಇಬ್ಬರೂ ಬೇರೆ ಬೇರೆ ಕಡೆಗೆ ಮುಖ ಮಾಡುತ್ತಿದ್ದರು.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಪಾಲಾದಾಗ ಅಣ್ಣನಿಗೆ ಹೆಂಚಿನ ಮನೆಯೂ ಹೊಲವೂ ಬಂದವು. ತಮ್ಮ ಕುಂಬಾರಿಕೆ ಉಳಿಸಿಕೊಂಡ. ಅವನಿಗೆ ಮಡಕೆ ಸುಡುವ ಆವಿಗೆಯೂ ಹುಲ್ಲಿನ ಮನೆಯೂ ಬಂದವು. ಎರಡು ಮನೆಗೂ ಒಂದೇ ಅಂಗಳ.

ಅಣ್ಣನ ಹೆಂಡತಿ, ಹಿರಿಯ ಓರಗಿತ್ತಿಗೆ ಮಕ್ಕಳಿರಲಿಲ್ಲ. ತಮ್ಮನ ಹೆಂಡತಿ, ಕಿರಿಯವಳಿಗೆ ಹೊನ್ನಿ ಎಂಬ ಒಬ್ಬಳೇ ಮಗಳು. ಹೆತ್ತವಳು ಕಿರಿಯವಳಾದರೂ ಹುಡುಗಿಯ ತಲೆಗೆ ನೀರು ಹಾಕಿ ಜಡೆ ಹೆಣೆಯುತ್ತಿದ್ದವಳು ಹಿರಿಯವಳು. ಆ ಜಡೆ ಹುಡುಗಿಯ ಸೊಂಟ ದಾಟಿತ್ತು.

ಒಂದು ವರ್ಷ ಕೆರೆಯ ಏರಿ ಒಡೆದು ನೀರೆಲ್ಲ ಹರಿದುಹೋಯಿತು. ಊರವರು ಬಾವಿ ತೋಡಿದರು. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಆದರೆ ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಕಾಯಿಸಿದರೆ ಹಂಡೆಯ ಒಳಗೆಲ್ಲ ಸುಣ್ಣ ಬಳಿದಂತಾಗುತ್ತಿತ್ತು. ಸೋಪು ನೊರೆ ಬಿಡುವ ಬದಲು ಒಡೆದ ಹಾಲಿನಂತಾಗಿ ಕೂದಲಿಗೆ ಅಂಟುತ್ತಿತ್ತು. ಹೊನ್ನಿಯ ಕೂದಲು ತೆಂಗಿನ ನಾರಿನಂತೆ ಒರಟಾಗಿ, ಬಾಚಿದಾಗಲೆಲ್ಲ ತುಂಡುತುಂಡಾಗಿ ಕೈಗೆ ಬರತೊಡಗಿತು.

ಕಿರಿಯವಳಿಗೆ ಗಾಬರಿಯಾಯಿತು. ತಲೆ ತೊಳೆಯುವುದನ್ನು ತಾನೇ ಕೈಗೆತ್ತಿಕೊಂಡಳು. ಸೋಪು ಹೆಚ್ಚಿಸಿದಳು. ಉಜ್ಜುವುದನ್ನೂ ಹೆಚ್ಚಿಸಿದಳು. ಹಿರಿಯವಳು ನೋಡಿ ಸುಮ್ಮನಿರಲಾರದೆ ಹೇಳಿದಳು: “ಅಷ್ಟು ಸೋಪು ಹಾಕಬೇಡ ಕಣೇ. ಇದು ಗಡಸು ನೀರು. ನನ್ನ ತವರಲ್ಲೂ ಇಂಥದ್ದೇ ಇತ್ತು. ಕೊನೆಯಲ್ಲಿ ಒಂದು ಚೊಂಬು ನೀರಿಗೆ ನಿಂಬೆಹಣ್ಣು ಹಿಂಡಿ ಹೊಯ್ಯಿ, ಅಂಟು ಬಿಡುತ್ತೆ.”

ಕಿರಿಯವಳ ಕೈಯಲ್ಲಿ ಮಗಳ ಉದುರಿದ ಕೂದಲಿತ್ತು. ಅವಳು ತಲೆಯೆತ್ತದೆ ಅಂದಳು: “ಮಗಳ ತಲೆ ತೊಳೆಯೋದನ್ನ ಹೆರದವಳ ಹತ್ತಿರ ಕಲೀಬೇಕಾ ನಾನು?”

ಹಿರಿಯವಳು ಎದ್ದು ತನ್ನ ಮನೆಗೆ ಹೋದಳು. ಅಂದಿನಿಂದ ಎರಡು ಮನೆಗೂ ಮಾತು ನಿಂತಿತು.

ಆಡಿದ ಮಾತು ಕೆಟ್ಟದ್ದೆಂದು ಕಿರಿಯವಳಿಗೆ ಆಗಲೇ ತಿಳಿದಿತ್ತು. ನಿಂಬೆಹಣ್ಣು ಮನೆಯಲ್ಲೇ ಇತ್ತು. ಆದರೆ ಅದನ್ನು ಹಿಂಡಿದರೆ ಹಿರಿಯವಳು ಹೇಳಿದ್ದನ್ನು ಒಪ್ಪಿಕೊಂಡಂತಾಗುತ್ತದೆಂದು ಅವಳು ಹಿಂಡಲಿಲ್ಲ. ಆಚೆ ಹಿರಿಯವಳು ಬಾಗಿಲ ಸಂದಿಯಿಂದ ಹುಡುಗಿಯ ತಲೆಯನ್ನು ದಿನವೂ ನೋಡುತ್ತಿದ್ದಳು. ನೋಡಿ ಒಳಗೊಳಗೇ ಬೇಯುತ್ತಿದ್ದಳು. ಕರೆಯದೆ ಹೋಗಬಾರದೆಂದು ಅವಳೂ ಹಟ ಹಿಡಿದಿದ್ದಳು. ಇಬ್ಬರ ಹಟದ ನಡುವೆ ಹುಡುಗಿಯ ಕೂದಲು ಗಂಟಾಗಿ, ಗಂಟು ಮುದ್ದೆಯಾಗಿ, ಬಾಚಣಿಗೆಯೇ ಇಳಿಯದಂತಾಯಿತು. ರಾತ್ರಿ ದಿಂಬಿಗೆ ತಲೆಯಿಟ್ಟರೂ ನೋವು.

ಕೊನೆಗೆ ಕಿರಿಯವಳು ಕ್ಷೌರಿಕನಿಗೆ ಹೇಳಿಕಳಿಸಿದಳು. ತಲೆ ಬೋಳಿಸಿಬಿಡುವುದೆಂದು ನಿಶ್ಚಯವಾಯಿತು.

ಅವನು ಬಂದು ಅಂಗಳದಲ್ಲಿ ಕೂತು ಕತ್ತಿ ಮಸೆಯತೊಡಗಿದ. ಆ ಸದ್ದಿಗೆ ಹೊನ್ನಿ ತಾಯಿಯ ಕೈ ಕಿತ್ತುಕೊಂಡು, ಸುಟ್ಟು ಜೋಡಿಸಿಟ್ಟ ಮಡಕೆಗಳ ಹಿಂದೆ ಅವಿತುಕೊಂಡಳು. ತಾಯಿ ಹಿಡಿಯಲು ಓಡಿದಳು. ಅಷ್ಟರಲ್ಲಿ ಅಂಗಳ ಕಪ್ಪಾಯಿತು. ಗಾಳಿ ಎದ್ದಿತು. ಒಂದು ಗುಡುಗು. ಮಳೆ ಬಿತ್ತು! ವರ್ಷದ ಮೊದಲ ಮಳೆ, ಅದೂ ಹನಿಹನಿಯಾಗಿ ಅಲ್ಲ, ಕೊಡ ಬೋರಲು ಹಾಕಿದಂತೆ!

ಕ್ಷೌರಿಕ ಕತ್ತಿ ಮಡಿಚಿಕೊಂಡು ಹುಲ್ಲಿನ ಸೂರಿನಡಿಗೆ ಓಡಿದ. ಹೊನ್ನಿ ಎದುರಿನ ಹೆಂಚಿನ ಮನೆಯತ್ತ ಓಡಿದಳು. ಹೆಂಚಿನ ಮನೆಯ ಸೂರಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಮೊದಲ ನೀರು ಹೆಂಚಿನ ಧೂಳನ್ನು ತೊಳೆದುಕೊಂಡು ಹೋಗಿ, ಈಗ ತಿಳಿನೀರು ಬೀಳುತ್ತಿತ್ತು. ಹುಡುಗಿ ಅದರ ಕೆಳಗೆ ತಲೆಯೊಡ್ಡಿ ನಿಂತಳು. ಬಾಗಿಲಲ್ಲಿದ್ದ ಹಿರಿಯವಳು ಕೆಳಗಿಳಿದದ್ದು ಯಾವಾಗಲೋ, ಅವಳ ಎರಡೂ ಕೈ ಹುಡುಗಿಯ ಕೂದಲಿನೊಳಗಿದ್ದವು. ಆ ನೀರಿನಲ್ಲಿ ಅಂಟು ಕರಗುತ್ತಿತ್ತು. ಬೆರಳು ಗಂಟಿನೊಳಗೆ ಇಳಿಯುತ್ತಿತ್ತು!

“ದೊಡ್ಡಮ್ಮಾ, ನೋಯ್ತಾ ಇಲ್ಲ!” ಎಂದು ಹೊನ್ನಿ ಕಿರುಚಿದಳು. “ದೊಡ್ಡಮ್ಮಾ, ನೋಯ್ತಾನೇ ಇಲ್ಲ!”

ಹೆಂಚಿನ ಮನೆಯಲ್ಲಿ ತಿಳಿನೀರಿತ್ತು, ಹಿಡಿಯಲು ಸಾಕಷ್ಟು ಪಾತ್ರೆಯಿರಲಿಲ್ಲ. ಹುಲ್ಲಿನ ಮನೆಯಲ್ಲಿ ಸಾಲುಸಾಲು ಮಡಕೆಗಳಿದ್ದವು, ಆದರೆ ಹುಲ್ಲಿನ ಸೂರಿನಿಂದ ಇಳಿಯುತ್ತಿದ್ದದ್ದು ಕಂದು ನೀರು. “ಮಡಕೆ!” ಎಂಬ ಕೂಗು ಕೇಳಿತು. “ನೀರು ಹೋಗ್ತಿದೆ ಅಕ್ಕಾ!” ಎಂಬ ಕೂಗೂ ಅದರ ಜೊತೆಗೇ ಕೇಳಿತು. ಕಿರಿಯವಳು ಎರಡು ಕಂಕುಳಲ್ಲೂ ಮಡಕೆ ಅವುಚಿಕೊಂಡು ಅಂಗಳ ದಾಟಿದಳು. ಮತ್ತೆ ಓಡಿದಳು, ಮತ್ತೆ ತಂದಳು. ಕೆಸರಿನಲ್ಲಿ ಜಾರಿ ಬಿದ್ದು ಒಂದು ಮಡಕೆ ಚೂರಾಯಿತು. ಹಿರಿಯವಳು ನಕ್ಕುಬಿಟ್ಟಳು. ಬಿದ್ದವಳೂ ನಕ್ಕಳು. ಕ್ಷೌರಿಕನೂ ತಲೆಗೆ ಟವೆಲು ಸುತ್ತಿಕೊಂಡು ಮಡಕೆ ಹೊತ್ತ. ಸೂರಿನುದ್ದಕ್ಕೂ ಮಡಕೆಗಳು ತುಂಬಿ ತುಳುಕಿದವು.

ಮಳೆ ಸಣ್ಣದಾದಾಗ ಹಿರಿಯವಳು ಹುಡುಗಿಯನ್ನು ಜಗುಲಿಯಲ್ಲಿ ಕೂರಿಸಿಕೊಂಡು ಉಳಿದ ಗಂಟುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಕಿರಿಯವಳು ಚೊಂಬು ಹಿಡಿದು ಪಕ್ಕದಲ್ಲಿ ನಿಂತಳು.

“ಅಕ್ಕಾ, ನಾನು ಅವತ್ತು ಆಡಿದ ಮಾತು...”

“ನೀರು ಹೊಯ್ಯಿ, ಇಲ್ಲೊಂದು ಗಂಟಿದೆ,” ಎಂದಳು ಹಿರಿಯವಳು.

ಕಿರಿಯವಳು ಅಳುತ್ತಲೇ ನೀರು ಹೊಯ್ದಳು. ಬಿಡಿಸಲಾಗದ ತುದಿಗಳನ್ನು ಮಾತ್ರ ಕತ್ತರಿಸಬೇಕಾಯಿತು. ಉಳಿದದ್ದೆಲ್ಲ ಉಳಿಯಿತು.

ಬಾವಿಯ ನೀರು ಗಡಸಾಗಿಯೇ ಇತ್ತು. ಹಿಡಿದಿಟ್ಟ ಮಳೆನೀರು ಮುಗಿದ ಮೇಲೆ ಅವರು ಬಾವಿಯ ನೀರನ್ನೇ ಕಾಯಿಸಿ, ತಣಿಯಲು ಬಿಟ್ಟು, ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳುತ್ತಿದ್ದರು. ಒಬ್ಬಳು ತಲೆ ತೊಳೆದರೆ ಇನ್ನೊಬ್ಬಳು ನಿಂಬೆಹಣ್ಣು ಹಿಂಡುತ್ತಿದ್ದಳು.

ಗುರುಗಳು ನಿಲ್ಲಿಸಿದರು. ಶಿಷ್ಯ ಕೂತಲ್ಲಿಂದ ಅರ್ಧ ಎದ್ದುಬಿಟ್ಟಿದ್ದ. ಅವನ ಕಣ್ಣು ಹೊಳೆಯುತ್ತಿತ್ತು.

“ಗುರುಗಳೇ, ಒಂದನ್ನು ಬಿಟ್ಟಿರಿ. ಮೊದಲು ಕೂಗಿದವಳು ಯಾರು? ಹಿರಿಯವಳೋ, ಕಿರಿಯವಳೋ?”

“ಆ ಮನೆಯಲ್ಲಿ ಅದನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ, ಮಗು,” ಎಂದರು ಗುರುಗಳು.