ದೋಣಿ ಕಟ್ಟುವವನ ಪಥ್ಯ

"ಗುರುಗಳೇ, ಶರೀರವನ್ನು ಕಾಪಾಡಿಕೊಳ್ಳುವುದು ಧರ್ಮವೋ, ಸ್ವಾರ್ಥವೋ?" ಎಂದು ಶಿಷ್ಯ ಕೇಳಿದ.

ಅವನು ವೈದ್ಯವಿದ್ಯೆ ಕಲಿಯಲು ಬಂದವನು. ಯಾವ ಋತುವಿಗೆ ಯಾವ ಧಾನ್ಯ, ಯಾವ ಪ್ರಕೃತಿಗೆ ಯಾವ ಸೊಪ್ಪು ಎಂಬುದೆಲ್ಲ ಅವನಿಗೆ ಆಗಲೇ ಬಾಯಿಪಾಠವಾಗಿತ್ತು. ಕಲಿತಷ್ಟೂ ಈ ಸಂಶಯ ಬೆಳೆದಿತ್ತು.

ಗುರುಗಳು ಉತ್ತರಕ್ಕೆ ಬದಲು ಕತೆ ಹೇಳತೊಡಗಿದರು. "ಚೀನಾ ದೇಶದ ಕತೆಯೊಂದಿದೆ" ಎಂದರು. "ಅಲ್ಲಿಯ ವೈದ್ಯರೂ ನಮ್ಮ ಹಾಗೆ ನಾಡಿ ನೋಡುತ್ತಾರೆ. ಇದು ಉಷ್ಣ, ಇದು ಶೀತ ಎಂದು ಪದಾರ್ಥಗಳ ಗುಣ ಹೇಳುತ್ತಾರೆ. ರೋಗಿಗೆ ಔಷಧಿ ಕೊಡುವ ಮೊದಲು ಅವನ ಅಡುಗೆಮನೆಯನ್ನು ವಿಚಾರಿಸುತ್ತಾರೆ. ಕೇಳು."

ಒಂದು ನದೀತೀರದ ಪಟ್ಟಣದಲ್ಲಿ ಲಿಯಾಂಗ್ ಎಂಬ ದೋಣಿ ಕಟ್ಟುವವನಿದ್ದ. ಅವನ ಹೆಂಡತಿ ಸುಯಿನ್. ಒಬ್ಬಳೇ ಮಗಳು, ಅವಳನ್ನು ನದಿಯ ಕೆಳಗಿನ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಲಿಯಾಂಗ್ ಕಟ್ಟಿದ ದೋಣಿಯಲ್ಲಿ ನೀರು ಒಸರುವುದಿಲ್ಲ ಎಂದು ಹೆಸರಿತ್ತು. ಆದರೆ ಕೆಲಸಕ್ಕೆ ಕೈ ಹಚ್ಚಿದರೆ ಅವನಿಗೆ ಹೊತ್ತಿನ ಪರಿವೆ ಇರುತ್ತಿರಲಿಲ್ಲ. ಹೆಂಡತಿ ತಂದಿಟ್ಟ ಊಟ ತಣ್ಣಗಾದ ಮೇಲೆ ತಿನ್ನುತ್ತಿದ್ದ. ನಿಂತುಕೊಂಡೇ ತಿನ್ನುತ್ತಿದ್ದ. ಆಳುಗಳ ಮೇಲೆ ಕೂಗಾಡುತ್ತಲೇ ನುಂಗುತ್ತಿದ್ದ. ನಡುವಯಸ್ಸಿಗೆ ಬರುವಷ್ಟರಲ್ಲಿ ಹೊಟ್ಟೆ ಕೆಟ್ಟಿತು. ತಿಂದದ್ದು ನಿಲ್ಲದಾಯಿತು. ತೋಳಿನಲ್ಲಿ ಮರ ಕೆತ್ತುವ ಬಾಚಿಯನ್ನು ಎತ್ತುವ ಬಲವೂ ಉಳಿಯಲಿಲ್ಲ. ಒಂದು ದಿನ ಹಾಸಿಗೆ ಹಿಡಿದವನು ಮತ್ತೆ ಏಳಲಾರದಾದ.

ಊರಾಚೆಯ ಗುಡ್ಡದ ಮೇಲೆ ಗುವೋ ಎಂಬ ವೃದ್ಧ ವೈದ್ಯನಿದ್ದ. ಸುಯಿನ್ ಹೋಗಿ ಅವನನ್ನು ಕರೆತಂದಳು. ಗುವೋ ರೋಗಿಯ ಎರಡೂ ಕೈಗಳ ನಾಡಿ ಹಿಡಿದು ಬಹಳ ಹೊತ್ತು ಕುಳಿತ. ನಾಲಿಗೆ ನೋಡಿದ. ಆಮೇಲೆ ಹೇಳಿದ:

"ನಿನ್ನ ಜಠರದ ಬೆಂಕಿ ಆರುತ್ತಾ ಬಂದಿದೆ. ಆರುವ ಬೆಂಕಿಯ ಮೇಲೆ ಕೊರಡು ಹಾಕಬಾರದು, ಪುಳ್ಳೆ ಹಾಕಬೇಕು. ನಿನಗೆ ಕಷಾಯ ಬೇಡ. ಬೆಳಿಗ್ಗೆ ಹಳೆಯ ಅಕ್ಕಿಯ ಗಂಜಿ. ಅದರೊಳಗೆ ಶುಂಠಿ, ಒಣಗಿಸಿದ ಕೆಂಪು ಬೋರೆಹಣ್ಣು. ಮಧ್ಯಾಹ್ನ ಬೇಯಿಸಿದ ಗೆಣಸು, ಕಮಲದ ಬೀಜ. ತಣ್ಣಗಿನದನ್ನು, ಹಸಿಯದನ್ನು ಮುಟ್ಟಬೇಡ. ಹೊತ್ತು ತಪ್ಪಿಸಬೇಡ. ಸಿಟ್ಟಿನಲ್ಲಿ, ಚಿಂತೆಯಲ್ಲಿ ಒಂದು ತುತ್ತನ್ನೂ ಬಾಯಿಗಿಡಬೇಡ."

ಸುಯಿನ್ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಅಂದಿನಿಂದ ಅವಳು ಬೆಳಗಾಗುವ ಮೊದಲೇ ಗಂಜಿಗೆ ಇಡುತ್ತಿದ್ದಳು. ಅಗುಳು ಕರಗಿ ನೀರಿನೊಂದಿಗೆ ಒಂದಾಗುವವರೆಗೆ ಸಣ್ಣ ಉರಿಯಲ್ಲಿ ಕಲಕುತ್ತಿದ್ದಳು. ಗಂಡನ ತಲೆಯನ್ನು ತೋಳಿಗೆ ಒರಗಿಸಿಕೊಂಡು ಚಮಚದಲ್ಲಿ ಕುಡಿಸುತ್ತಿದ್ದಳು. ಮೊದಲು ಒಂದೆರಡು ಚಮಚ ನಿಂತಿತು. ಆಮೇಲೆ ಅರ್ಧ ಬಟ್ಟಲು. ಚಳಿಗಾಲ ಮುಗಿಯುವಾಗ ಲಿಯಾಂಗ್ ಎದ್ದು ಕುಳಿತ. ವಸಂತದಲ್ಲಿ ಮತ್ತೆ ದೋಣಿಯ ಕೆಲಸಕ್ಕೆ ಹೋದ.

ಸಾವಿನ ಬಾಗಿಲಿನಿಂದ ಹಿಂದೆ ಬಂದವನಿಗೆ ಆರೋಗ್ಯದ ಮೇಲೆ ಆಸೆ ಹುಟ್ಟುವುದು ಸಹಜ. ಲಿಯಾಂಗ್‌ನಿಗೂ ಹುಟ್ಟಿತು. ಅವನು ಗುಡ್ಡ ಹತ್ತಿ ಹೋಗಿ ಗುವೋನ ಬಳಿ ಕುಳಿತು ಪ್ರತಿಯೊಂದು ಧಾನ್ಯದ ಗುಣ ಕೇಳಿ ತಿಳಿದ. ಯಾವುದು ದೇಹಕ್ಕೆ ನೀರು ತುಂಬುತ್ತದೆ, ಯಾವುದು ಒಣಗಿಸುತ್ತದೆ, ಯಾವುದು ಯಾವ ತಿಂಗಳಲ್ಲಿ ವಿಷಕ್ಕೆ ಸಮ ಎಂಬುದನ್ನೆಲ್ಲ ಅರಿತ. ಬೆಳಿಗ್ಗೆ ಎದ್ದರೆ ಮೊದಲು ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುತ್ತಿದ್ದ. ಸುಯಿನ್ ಶುಂಠಿಯನ್ನು ಕೈಅಂದಾಜಿನಲ್ಲಿ ಹಾಕುತ್ತಾಳೆ ಎಂದು ಅವನಿಗೆ ಅನ್ನಿಸಿತು. ಹಿತ್ತಲಿನಲ್ಲಿ ತನಗೆಂದೇ ಒಲೆ ಹೂಡಿಕೊಂಡ. ತನ್ನ ಗಂಜಿಯನ್ನು ತಾನೇ ಬೇಯಿಸಿಕೊಂಡ.

ಊರಿನವರಿಗೂ ಇದರಿಂದ ಉಪಕಾರವಾಯಿತು. ಜನ ಅವನನ್ನು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಅವನು ಅವರ ನಾಲಿಗೆ ನೋಡಿ, ನಿದ್ರೆ ವಿಚಾರಿಸಿ, "ನೀನು ಮೂಲಂಗಿ ತಿನ್ನು", "ನೀನು ಹಸಿ ಸೌತೆ ಬಿಡು" ಎಂದು ಹೇಳುತ್ತಿದ್ದ. ಅನೇಕರಿಗೆ ಗುಣ ಕಂಡಿತು. ಒಬ್ಬ ನೇಕಾರನ ಹಳೆಯ ಕೆಮ್ಮು ನಿಂತಿತು. ಲಿಯಾಂಗ್‌ನನ್ನು ಜನ ಗೌರವದಿಂದ ಕಾಣತೊಡಗಿದರು.

ಅವರ ಊರಿನಲ್ಲಿ ಪದಾರ್ಥಗಳನ್ನು ನಡುವೆ ಇಟ್ಟು ಮನೆಯವರೆಲ್ಲ ಸುತ್ತ ಕುಳಿತು ಉಣ್ಣುವ ವಾಡಿಕೆ. ಲಿಯಾಂಗ್ ಅದನ್ನು ಬಿಟ್ಟ. ಅವನ ಹೊತ್ತು ಬೇರೆ, ಅವನ ಪದಾರ್ಥ ಬೇರೆ. ಉಣ್ಣುವಾಗ ಮಾತಾಡಿದರೆ ಉಸಿರು ಕಲಕುತ್ತದೆ ಎಂದು ಮಾತನ್ನೂ ಬಿಟ್ಟ. ಹಿತ್ತಲ ಒಲೆಯ ಪಕ್ಕದಲ್ಲಿ ಒಬ್ಬನೇ ಕುಳಿತು ಒಂದೊಂದು ತುತ್ತನ್ನೂ ಅಗಿದು ತಿನ್ನುತ್ತಿದ್ದ.

ಒಂದು ಚಳಿಗಾಲದ ಮಧ್ಯಾಹ್ನ ಸುಯಿನ್ ಮೀನು ತಂದಳು. ಉಪ್ಪುನೀರಿನಲ್ಲಿ ಹುಳಿ ಬರಿಸಿಟ್ಟಿದ್ದ ಸಾಸಿವೆ ಸೊಪ್ಪು ಹಾಕಿ ಸಾರು ಮಾಡಿದಳು. ಮದುವೆಯಾದ ಹೊಸದರಲ್ಲಿ ಅವರಿಗೆ ಮನೆ ಇರಲಿಲ್ಲ. ದೋಣಿ ಕಟ್ಟುವ ಚಪ್ಪರದಲ್ಲೇ ಇದ್ದರು. ಚಳಿಗೆ ಒಂದೇ ಕಂಬಳಿ ಹೊದ್ದು, ಒಂದೇ ಬಟ್ಟಲಿನಿಂದ ಈ ಸಾರು ಕುಡಿಯುತ್ತಿದ್ದರು. ಅವಳು ಅದನ್ನು ಬಿಸಿಬಿಸಿಯಾಗಿ ತಂದು ಅವನ ಮುಂದೆ ಇಟ್ಟಳು.

ಲಿಯಾಂಗ್ ಬಟ್ಟಲನ್ನು ನೋಡಿದ. "ಮೀನು ಅಡ್ಡಿಯಿಲ್ಲ. ಹುಳಿ ನನ್ನ ಹೊಟ್ಟೆಗೆ ಆಗದು. ಇನ್ನು ಮೇಲೆ ನಾನು ಉಣ್ಣುವ ಹೊತ್ತಿನಲ್ಲಿ ಒಗ್ಗರಣೆ ಹಾಕಬೇಡ. ವಾಸನೆಗೆ ಮನಸ್ಸು ಚಂಚಲವಾಗುತ್ತದೆ" ಎಂದ.

ಒರಟಾಗಿ ಹೇಳಲಿಲ್ಲ. ಸಮಾಧಾನದಿಂದಲೇ ಹೇಳಿದ. ಸುಯಿನ್ ಬಟ್ಟಲನ್ನು ಎತ್ತಿಕೊಂಡು ಹೋದಳು. ಆ ಸಾರನ್ನು ಮತ್ತೆ ಮಾಡಲಿಲ್ಲ. ಹುಳಿಸೊಪ್ಪಿನ ಜಾಡಿಯನ್ನು ತೊಳೆದು ಮಗುಚಿಟ್ಟಳು.

ಒಬ್ಬಳಿಗಾಗಿ ಏನು ಒಲೆ ಹಚ್ಚುವುದು ಎಂದು ಅವಳಿಗೆ ಅನ್ನಿಸತೊಡಗಿತು. ಬೆಳಗಿನ ಅನ್ನವನ್ನು ಸಂಜೆ ತಿಂದಳು. ಸಂಜೆಯದನ್ನು ಮರುದಿನ ತಿಂದಳು. ಕೆಲವು ದಿನ ನಿಂತುಕೊಂಡೇ ಎರಡು ತುತ್ತು ಬಾಯಿಗೆ ಹಾಕಿಕೊಂಡು ಕೈ ತೊಳೆದಳು. ತಣ್ಣನೆಯ ಅನ್ನದಿಂದ ಏನಾಗುತ್ತದೆ ಎಂದು ಆ ಮನೆಯಲ್ಲಿ ಒಬ್ಬನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಹಿತ್ತಲಿನಲ್ಲಿದ್ದ.

ಬರಬರುತ್ತಾ ಅವಳಿಗೆ ಎರಡು ತುತ್ತೂ ಭಾರವಾಯಿತು. ಅನ್ನದ ವಾಸನೆಗೆ ಹೊಟ್ಟೆ ತೊಳೆಸುತ್ತಿತ್ತು. ಒಂದು ಬೆಳಿಗ್ಗೆ ಹಿತ್ತಲಿಗೆ ಹೋಗಿ, "ನನಗೂ ಯಾಕೋ ಈಚೆಗೆ..." ಎಂದು ಮಾತು ತೆಗೆದಳು. ಲಿಯಾಂಗ್ ಗಂಜಿ ಕುಡಿಯುತ್ತಿದ್ದ. ಕೈ ಎತ್ತಿ, ಮುಗಿಯಲಿ ಎಂದು ಸನ್ನೆ ಮಾಡಿದ. ಉಣ್ಣುವವನಿಗೆ ಚಿಂತೆ ಕೊಡಬಾರದೆಂಬ ವೈದ್ಯನ ಮಾತು ಅವಳಿಗೆ ನೆನಪಾಯಿತು. ಎಂಥ ತಪ್ಪು ಮಾಡುತ್ತಿದ್ದೆ ಎಂದುಕೊಂಡು ಹಿಂದಿರುಗಿದಳು. ಊಟ ಮುಗಿದ ಮೇಲೆ ಅವನು ನಡೆದಾಡಲು ಹೋದ. ಬಂದ ಮೇಲೆ ವಿಶ್ರಾಂತಿ. ಆಮೇಲೆ ಮತ್ತೆ ಒಲೆ. ಅವಳು ಏನು ಹೇಳಲು ಬಂದಿದ್ದಳು ಎಂದು ಅವನು ಕೇಳಲಿಲ್ಲ. ಅವನಿಗೆ ಮರೆತುಹೋಗಿತ್ತು. ಅವಳೂ ಮತ್ತೆ ಹೇಳಲಿಲ್ಲ.

ಮರುವರ್ಷ ಎಲೆ ಉದುರುವ ಕಾಲದಲ್ಲಿ ಮಗಳು ತವರಿಗೆ ಬಂದಳು. ದೋಣಿಯಿಂದಿಳಿದು ಬಾಗಿಲಿಗೆ ಬಂದವಳು ತಾಯಿಯ ಮುಖ ನೋಡಿ ಅಲ್ಲಿಯೇ ನಿಂತಳು. ನೇರವಾಗಿ ಹಿತ್ತಲಿಗೆ ಹೋದಳು.

"ಅಪ್ಪಾ, ಅಮ್ಮನನ್ನು ನೋಡಿದ್ದೀರಾ?"

ಲಿಯಾಂಗ್ ತಲೆಯೆತ್ತಿ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. "ಈಗ ಒಣಗಾಳಿಯ ಕಾಲ" ಎಂದ. "ಪೇರ್ ಹಣ್ಣನ್ನು ಕಲ್ಲುಸಕ್ಕರೆ ಹಾಕಿ ಬೇಯಿಸಿ ಕೊಡು. ಸರಿಹೋಗುತ್ತಾಳೆ."

ಮಗಳು ಅಲ್ಲಿಂದಲೇ ಹೊರಟಳು. ಗುಡ್ಡ ಹತ್ತಿ ಹೋಗಿ ಗುವೋನನ್ನು ಕರೆತಂದಳು.

ಗುವೋನಿಗೆ ಆಗ ತುಂಬ ವಯಸ್ಸಾಗಿತ್ತು. ಕೋಲೂರಿಕೊಂಡು ಬಂದು ಸುಯಿನ್‌ಳ ಪಕ್ಕದಲ್ಲಿ ಕುಳಿತ. ಅವಳ ನಾಡಿ ಹಿಡಿದ. ಲಿಯಾಂಗ್‌ನ ನಾಡಿ ಹಿಡಿದಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದ. ಆಮೇಲೆ ತಿರುಗಿ ಕೇಳಿದ:

"ಈಕೆ ಊಟ ಬಿಟ್ಟು ಎಷ್ಟು ಕಾಲವಾಯಿತು?"

ಲಿಯಾಂಗ್ ದಿನ ಎಣಿಸತೊಡಗಿದ. ಕಳೆದ ಮಳೆಗಾಲದಲ್ಲಿ ತಾನು ಯಾವ ಅಕ್ಕಿ ಉಂಡೆ ಎಂದು ಕೇಳಿದ್ದರೆ ಹೇಳುತ್ತಿದ್ದ. ಹೆಂಡತಿ ಬಟ್ಟಲು ಹಿಡಿದು ಕುಳಿತದ್ದನ್ನು ಕೊನೆಯ ಬಾರಿ ಯಾವಾಗ ನೋಡಿದೆ ಎಂದು ನೆನಪು ಮಾಡಿಕೊಳ್ಳಲು ಹೋದ. ಒಂದು ದಿನವೂ ಸಿಗಲಿಲ್ಲ.

"ಈಚೆಗೆ, ವೈದ್ಯರೇ" ಎಂದಳು ಸುಯಿನ್. "ಈಚೆಗಷ್ಟೇ."

ಗಂಡನ ಮಾನ ಉಳಿಸಲು ಅವಳು ಹಾಗೆ ಹೇಳಿದಳು. ಗುವೋನಿಗೂ ಅದು ಗೊತ್ತಾಯಿತು, ಲಿಯಾಂಗ್‌ನಿಗೂ ಗೊತ್ತಾಯಿತು.

ಹೊರಗೆ ಬಂದ ಮೇಲೆ ಲಿಯಾಂಗ್ ವೈದ್ಯನ ಕೋಲನ್ನು ಹಿಡಿದು ನಿಲ್ಲಿಸಿದ. "ಏನು ಪಥ್ಯ ಹೇಳಿ. ಎಂಥ ಧಾನ್ಯ ಬೇಕಾದರೂ ಎಲ್ಲಿಂದಲಾದರೂ ತರುತ್ತೇನೆ."

"ನಿನಗೆ ಹೇಳಿದ್ದೇ ಈಕೆಗೂ ಪಥ್ಯ" ಎಂದ ಗುವೋ. "ಆದರೆ ಅದನ್ನು ಹೋದ ವರ್ಷ ಕೊಡಬೇಕಾಗಿತ್ತು. ಇನ್ನು ಬಾಯಿಗೆ ಏನು ಬೇಕೆನ್ನುತ್ತಾಳೋ ಅದನ್ನು ಕೊಡು."

ಲಿಯಾಂಗ್ ಒಳಗೆ ಬಂದು ಹೆಂಡತಿಯ ಪಕ್ಕದಲ್ಲಿ ಕುಳಿತ. ಏನು ಬೇಕು ಎಂದು ಕೇಳಿದ. ಅವಳು ಹೇಳಲು ಸಂಕೋಚಪಟ್ಟಳು. ಮತ್ತೆ ಮತ್ತೆ ಕೇಳಿದ ಮೇಲೆ, ಹುಳಿಸೊಪ್ಪಿನ ಮೀನು ಸಾರು ಎಂದಳು.

ಅವನು ತಾನೇ ನದಿಗೆ ಹೋಗಿ ಮೀನು ತಂದ. ಮನೆಯಲ್ಲಿ ಹುಳಿಸೊಪ್ಪು ಇರಲಿಲ್ಲ. ನೆರೆಮನೆಯ ಬಾಗಿಲು ತಟ್ಟಿ ಕೇಳಿ ತಂದ. ಮನೆಯೊಳಗಿನ ಒಲೆಯಲ್ಲಿ ಸಾರು ಮಾಡಿದ. ಅವಳನ್ನು ಎತ್ತಿ ಗೋಡೆಗೆ ಒರಗಿಸಿ ಕೂರಿಸಿ, ಬಟ್ಟಲನ್ನು ಅವಳ ಮಡಿಲಲ್ಲಿಟ್ಟ. ಸಾರಿನ ಹಬೆ ಮುಖಕ್ಕೆ ತಾಗಿದಾಗ ಅವಳ ಕಣ್ಣು ಅರಳಿತು. ಊಟದ ಕಡ್ಡಿಗಳಿಂದ ಒಂದು ಚೂರು ಮೀನು ಎತ್ತಿ, ತನ್ನ ಬಾಯಿಗೆ ಇಟ್ಟುಕೊಳ್ಳದೆ ಅವನ ಕಡೆ ಚಾಚಿದಳು.

"ನೀವೂ ತಿನ್ನಿ."

ಲಿಯಾಂಗ್ ಕಿಟಕಿಯಾಚೆ ಬಿಸಿಲು ಎಲ್ಲಿಗೆ ಬಂದಿದೆ ಎಂದು ನೋಡಿದ. ನೋಡಬೇಕೆಂದು ನೋಡಿದ್ದಲ್ಲ. ಕಣ್ಣಿಗೆ ಅಭ್ಯಾಸವಾಗಿತ್ತು, ತಾನಾಗಿ ಹೋಯಿತು. ಮಿಂಚು ಹೊಳೆದು ಹೋಗುವಷ್ಟು ಹೊತ್ತು. ಸುಯಿನ್ ಅದನ್ನು ಕಂಡಳು. ಚಾಚಿದ ಕೈಯನ್ನು ಮೆಲ್ಲಗೆ ಇಳಿಸಿದಳು.

"ಇರಲಿ. ಇದು ನಿಮ್ಮ ಊಟದ ಹೊತ್ತಲ್ಲ" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅವನು ಸಾರು ಕುಡಿದ. ಮೀನು ತಿಂದ, ಸೊಪ್ಪು ತಿಂದ. ಅಗಿಯದೆ ನುಂಗಿದ. ಕಣ್ಣೀರು ಬಟ್ಟಲಿಗೆ ಬೀಳುತ್ತಿತ್ತು. "ಚೆನ್ನಾಗಿದೆ, ಸುಯಿನ್. ತುಂಬ ಚೆನ್ನಾಗಿದೆ" ಎಂದ.

"ನಿಧಾನ" ಎಂದಳು ಅವಳು. "ನಿಮ್ಮ ಹೊಟ್ಟೆಗೆ ಆಗುವುದಿಲ್ಲ."

ಅವಳು ಎರಡು ಚಮಚ ಸಾರು ಕುಡಿದು ಸಾಕೆಂದಳು. ಚಳಿಗಾಲ ಕಳೆಯುವ ಮೊದಲೇ ತೀರಿಕೊಂಡಳು.

ಅಂದು ಉಂಡ ಹುಳಿಯಿಂದ ಲಿಯಾಂಗ್‌ನಿಗೆ ಹೊಟ್ಟೆನೋವು ಬರಲಿಲ್ಲ. ಬರಲಿ ಎಂದು ಅವನು ಕಾದಿದ್ದ. ಏನೂ ಆಗಲಿಲ್ಲ.

ಅವನು ಬಹಳ ಕಾಲ ಬದುಕಿದ. ಮುಪ್ಪಿನಲ್ಲೂ ಬೆನ್ನು ಬಾಗಲಿಲ್ಲ, ಹಲ್ಲು ಬೀಳಲಿಲ್ಲ. ದೂರದೂರದ ಊರುಗಳಿಂದ ಜನ ಬಂದು ದೀರ್ಘಾಯುಷ್ಯದ ಗುಟ್ಟು ಕೇಳುತ್ತಿದ್ದರು. ಅವನು ಮುಚ್ಚಿಡುತ್ತಿರಲಿಲ್ಲ. ಹಳೆಯ ಅಕ್ಕಿ, ಶುಂಠಿ, ಬೋರೆಹಣ್ಣು, ಸಣ್ಣ ಉರಿ ಎಂದು ಎಲ್ಲವನ್ನೂ ಹೇಳುತ್ತಿದ್ದ. ಹೇಳಿ ಮುಗಿಸಿ, ಬಂದವನನ್ನು ಕೇಳುತ್ತಿದ್ದ: "ನಿನ್ನ ಹೆಂಡತಿ ಇವತ್ತು ಏನು ಉಂಡಳು?"

ಬಂದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮುದುಕನಿಗೆ ಅರಳುಮರಳು ಎಂದುಕೊಳ್ಳುತ್ತಿದ್ದರು. ಶುಂಠಿ ಎಷ್ಟು ಹಾಕಬೇಕು ಎಂದು ಇನ್ನೊಂದು ಸಲ ಕೇಳಿ ಖಚಿತಪಡಿಸಿಕೊಂಡು ಹೊರಟುಹೋಗುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ:

"ಹಾಗಾದರೆ ಅವನು ಪಥ್ಯವನ್ನು ಬಿಟ್ಟುಬಿಡಬೇಕಾಗಿತ್ತೇ, ಗುರುಗಳೇ?"

"ಬಿಡಬೇಕಾಗಿರಲಿಲ್ಲ ಮಗೂ, ಗಂಜಿಗೆ ಅಕ್ಕಿ ಹಾಕುವಾಗ ಇನ್ನೊಂದು ಹಿಡಿ ಹಾಕಬೇಕಾಗಿತ್ತು."