ದೀಪ ಹಚ್ಚಿದ ಮೇಲೆ ಹೆಪ್ಪು

ಕಾಲು ಒಳಗಿಟ್ಕೋ ಮಗಾ, ಹೊದ್ಕೊಂಡು ಸುಮ್ನೆ ಕೇಳು. ಮಧ್ಯೆ ಬಾಯಿ ಹಾಕಿದ್ರೆ ಕತೆ ಅಲ್ಲೇ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ನಾನೂ ಹುಟ್ಟಿರ್ಲಿಲ್ಲ ನಮ್ಮಜ್ಜಿನೂ ಹುಟ್ಟಿರ್ಲಿಲ್ಲ, ಆಗ ಕಾಳಮ್ಮ ಅಂತ ಒಬ್ಳು ಇದ್ಲಂತೆ. ಗಂಡ ಕಮ್ಮಾರ. ಅವರೂರಲ್ಲಿ ಕೆಲಸ ಕಮ್ಮಿ ಆಯ್ತು ಅಂತ ಮೂರು ಹೊಳೆ ದಾಟಿ ಇನ್ನೊಂದೂರಿಗೆ ಬಂದು ಕುಲುಮೆ ಹಾಕಿದ್ನಂತೆ. ಅವನಿಗೇನು, ಕುಡ್ಲು ತಟ್ಟಿಸೋಕೆ ದಿನಾ ಜನ ಬರೋರು, ಮಾತಾಡೋರು. ಕಾಳಮ್ಮಂಗೆ ಯಾರಿದ್ದಾರೆ? ತಲೆ ನರೆತಿದೆ, ಮಕ್ಕಳು ಮದುವೆ ಆಗಿ ಹೋಗಿದಾರೆ, ಆ ವಯಸ್ಸಲ್ಲಿ ನನ್ನ ಗೆಳತಿ ಆಗು ಅಂತ ಕೇಳೋಕಾಗುತ್ತಾ? ನಿಂಗಾದ್ರೆ ಸ್ನೇಹ ಆಗೋಕೆ ಒಂದು ಕುಂಟೆಬಿಲ್ಲೆ ಆಟ ಇದ್ರೆ ಸಾಕು. ಅವಳು ಕೋಳಿ ಜೊತೆ ಮಾತಾಡೋಳಂತೆ, ಪಾಪ. ಕೊನೆಗೆ ಗಂಡಂಗೆ ಹೇಳಿದ್ಲಂತೆ, ಯುಗಾದಿ ಒಳಗೆ ಈ ಊರಲ್ಲಿ ನನ್ನ ಹೆಸರು ಹಿಡಿದು ಕೂಗೋರು ಒಬ್ರಾದ್ರೂ ಸಿಗ್ದಿದ್ರೆ ನಾನು ನಮ್ಮೂರಿಗೆ ಹೋಗ್ತೀನಿ, ನೀನು ಕುಲುಮೆ ಜೊತೆ ಬಾಳ್ವೆ ಮಾಡ್ಕೋ ಅಂತ.

ಆಮೇಲೆ ಏನ್ಮಾಡಿದ್ಲು, ಕಜ್ಜಾಯ ಸುಟ್ಟು ಮನೆಮನೆಗೂ ಹಂಚಿದ್ಲಂತೆ. ಪಾತ್ರೆ ಖಾಲಿ ಕಳಿಸಬಾರದು ಅಂತ ಎಲ್ರೂ ಚಿಟಿಕೆ ಸಕ್ಕರೆ ಹಾಕಿ ಕೊಟ್ಟು ಒಳಗೆ ಹೋದ್ರಂತೆ. ಆಮೇಲೆ ಬೆಳಗ್ಗೆ ಬೇಗ ಎದ್ದು ಪಕ್ಕದ್ಮನೆ ನಂಜಾಜಮ್ಮನ ಬಾಗಿಲಿಗೂ ಸಾರಿಸಿ ರಂಗೋಲಿ ಬಿಟ್ಲಂತೆ. ನಂಜಾಜಮ್ಮ ನೋಡಿ, ನನ್ನನ್ನ ಸೋಂಬೇರಿ ಅಂತ ಊರಿಗೆಲ್ಲ ತೋರಿಸ್ತಾಳಾ ಇವಳು ಅಂತ ಮುಖ ಗಂಟು ಹಾಕ್ಕೊಂಡ್ಲಂತೆ. ಒಳ್ಳೇದು ಮಾಡೋಕೆ ಹೋಗಿ ಹೀಗಾಯ್ತು ನೋಡು.

ಯುಗಾದಿ ಹತ್ರ ಬಂತು. ಕಾಳಮ್ಮ ಅಳ್ತಾ ಅಳ್ತಾ ಬಟ್ಟೆ ಗಂಟು ಕಟ್ಟಿದ್ಲಂತೆ. ಅವತ್ತೇ ಹಾಳಾದ ಬೆಕ್ಕು ಮೊಸರಿನ ಕುಡಿಕೆ ಉರುಳಿಸಿ, ಹೆಪ್ಪಿಗೆ ಅಂತ ಒಂದು ತೊಟ್ಟೂ ಉಳಿಸ್ಲಿಲ್ವಂತೆ. ಗಂಡಂಗೋ ಬೆಂಕಿ ಮುಂದೆ ಕೆಲಸ, ಮೊಸರಿಲ್ದೆ ಅನ್ನ ಇಳಿಯಲ್ಲ. ಜನ್ಮದಲ್ಲಿ ಒಬ್ರ ಹತ್ರ ಒಂದು ಹರಳು ಉಪ್ಪು ಕೇಳಿದೋಳಲ್ಲ ಅವಳು. ಬಟ್ಟಲು ಹಿಡ್ಕೊಂಡು, ನಾಚ್ಕೊಂಡು, ನಂಜಾಜಮ್ಮನ ಬಾಗಿಲಿಗೆ ಹೋಗಿ, ಅಕ್ಕಾ ಒಂಚೂರು ಹೆಪ್ಪು ಕೊಡ್ತೀರಾ ಅಂದ್ಲಂತೆ.

ಅಷ್ಟೊತ್ತಿಗೆ ದೀಪ ಹಚ್ಚಿ ಆಗಿತ್ತಂತೆ. ದೀಪ ಹಚ್ಚಿದ್ಮೇಲೆ ಹೆಪ್ಪು ಹೊಸಲು ದಾಟಬಾರದು ಕಣಮ್ಮ, ಲಕ್ಷ್ಮಿ ಹೋಗ್ತಾಳೆ ಅಂದ್ಲಂತೆ ನಂಜಾಜಮ್ಮ. ಕಾಳಮ್ಮನ ಮುಖ ಸಣ್ಣಗಾಯ್ತು, ತಿರುಗಿದ್ಲು. ಆಗ ನಂಜಾಜಮ್ಮ, ಇರು ಇರು, ಹೆಪ್ಪು ಆಚೆ ಹೋಗಬಾರದು ಅಷ್ಟೆ, ಹಾಲು ಒಳಗೆ ಬರಬಾರದು ಅಂತ ಯಾರು ಹೇಳಿದಾರೆ, ಹೋಗಿ ನಿನ್ನ ಹಾಲು ತಗೊಂಡ್ಬಾ ಅಂದ್ಲಂತೆ.

ಹಾಲು ಆಗ ತಾನೇ ಉಕ್ಕಿದ್ದು. ಬಿಸಿಗೆ ಹೆಪ್ಪು ಹಾಕಿದ್ರೆ ಒಡೆದುಹೋಗುತ್ತಲ್ಲ, ಉಗುರುಬೆಚ್ಚಗೆ ಆಗ್ಲಿ ಅಂತ ಇಬ್ರೂ ಒಲೆ ಮುಂದೆ ಕೂತ್ರಂತೆ. ನಂಜಾಜಮ್ಮ ಬೈದ್ಲಂತೆ, ಬಂದಾಗಿಂದ ಕೊಟ್ಟಿದ್ದೇ ಕೊಟ್ಟಿದ್ದು, ಒಂದಿನ ಏನಾದ್ರೂ ಕೇಳಿದ್ಯಾ? ಏನೂ ಬೇಡದೋಳ ಮನೆಗೆ ನಾನು ಯಾವ ಮುಖ ಇಟ್ಕೊಂಡು ಬರ್ಲಿ ಅಂತ. ಮಾತಲ್ಲಿ ಹಾಲು ತಣ್ಣಗಾಗೋಯ್ತು. ಮತ್ತೆ ಕಾಯಿಸಿದ್ರು, ಮತ್ತೆ ಮಾತು, ಮತ್ತೆ ತಣ್ಣಗಾಯ್ತು. ಮೂರನೇ ಸಲಕ್ಕೆ ಹೆಪ್ಪು ಹಾಕಿ ಪಾತ್ರೆನ ಅಲ್ಲೇ ಇಟ್ರಂತೆ.

ಬೆಳಗ್ಗೆ ಗೋಡೆ ಆಚೆಯಿಂದ ಕೂಗು ಕೇಳಿಸ್ತಂತೆ, ಕಾಳೀ, ಮೊಸರು ಗಟ್ಟಿಯಾಗಿದೆ ಬಾರೇ ಅಂತ. ಕಾಳಮ್ಮ ಗಂಟು ಬಿಚ್ಚಿ ಸೀರೆಗಳನ್ನ ಗಳುವಿನ ಮೇಲೆ ಹಾಕಿದ್ಲಂತೆ. ಆಮೇಲಿಂದ ಮನೇಲಿ ಹೆಪ್ಪು ಇದ್ರೂ, ದೀಪ ಹಚ್ಚೋದನ್ನೇ ಕಾದಿದ್ದು ಹಾಲು ಹಿಡ್ಕೊಂಡು ಹೋಗೋಳಂತೆ.

ಏನಮ್ಮ ಪ್ರಮೀಳಾ, ಪಾತ್ರೆ ತೊಳೆಯೋ ಸದ್ದು ಆಗ್ಲೇ ನಿಂತೋಯ್ತಲ್ಲ, ಕೇಳಿಸ್ಕೊಂಡ್ಯಾ? ಈ ಹೊಸ ಬೀದೀಲಿ ಯಾರೂ ಮಾತಾಡಿಸಲ್ಲ ಅಂತ ಸಂಜೆ ಕಣ್ಣೊರೆಸ್ಕೋತಿದ್ದೆ. ನಾಳೆ ದೀಪ ಹಚ್ಚಿ ಎದುರುಮನೆಗೆ ಹೋಗಿ ಹೆಪ್ಪು ಕೇಳು. ನಮ್ಮನೇಲೇ ಇದೆಯಲ್ಲ ಅತ್ತೆ ಅಂತೀಯಾ? ಮಧ್ಯಾಹ್ನ ಅಷ್ಟನ್ನೂ ನಾನೇ ಕುಡಿದುಬಿಡ್ತೀನಿ ಬಿಡು.

ಮೆಲ್ಲಗೆ ಬಾ, ಮಗು ಮಲಗಿದೆ. ಅವಳ ಕತೆ ಮುಗೀತು, ನಿಂದು ನಾಳೆ ಸಂಜೆಗೆ.